ದನಕರುಗಳಲ್ಲಿ ಸಾಂಕ್ರಾಮಿಕ ರೋಗದ ಅನುಮಾನ ಬಂದಾಗ ಕಾನೂನಿನಂತೆ ನಡೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಊರಿಗೆ ಬಂದಾಗ ಹೆಚ್ಚಿನ ಹೈನುಗಾರರು ಮಾಡುವ ಕೆಲಸಗಳು ತಪ್ಪಲ್ಲ, ಅವುಗಳ ಕ್ರಮ ತಪ್ಪು. ಮೊದಲು ಮನೆಮದ್ದು, ಆಮೇಲೆ ಪರಿಚಯದವರಿಂದ ಒಂದು ಇಂಜೆಕ್ಷನ್, ಆಮೇಲೆ ಉಳಿದ ರಾಸುಗಳನ್ನಾದರೂ ಮಾರಿಬಿಡುವ ಯೋಚನೆ, ಎಲ್ಲ ಕೈಮೀರಿದ ಮೇಲೆ ಪಶು ಆಸ್ಪತ್ರೆಗೆ ಫೋನು. ಕಾನೂನು ಕೇಳುವ ಕ್ರಮ ಇದಕ್ಕೆ ನೇರ ವಿರುದ್ಧವಾಗಿದೆ. ಪ್ರಾಣಿಗಳಲ್ಲಿನ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009, ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರ ಕಾನೂನು. ಅದರಲ್ಲಿ ಮೊದಲ ಎರಡು ಕರ್ತವ್ಯಗಳು ಬೀಳುವುದು ಸರ್ಕಾರದ ಮೇಲಲ್ಲ, ರಾಸಿನ ಮಾಲೀಕರ ಮೇಲೆ: ವರದಿ ಮಾಡುವುದು ಮತ್ತು ಬೇರ್ಪಡಿಸುವುದು. ಆ ಎರಡರಲ್ಲಿ ತಡವಾದರೆ ಮುಂದಿನ ಯಾವ ಹಂತವೂ, ವಿಮೆಯ ಹಣವೂ ಸೇರಿದಂತೆ, ಸರಿಯಾಗಿ ಸಾಗುವುದಿಲ್ಲ. ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲಿಯೇ ಪಾಲಿಸಬೇಕೆಂದು ಒತ್ತಿ ಹೇಳುತ್ತೇನೆ.

ರೋಗ ಬರುವ ಮೊದಲೇ ಕೈಗೆ ಸಿಗುವಂತಿರಬೇಕಾದವು

ಪ್ರತಿ ರಾಸಿನ ಕಿವಿಯಲ್ಲಿ 12 ಅಂಕಿಗಳ ಗುರುತಿನ ಓಲೆ ಇರಬೇಕು ಮತ್ತು ಆ ಸಂಖ್ಯೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ರಾಸಿನ ಬಣ್ಣ, ವಯಸ್ಸು, ಸೂಲುಗಳ ಸಂಖ್ಯೆಯೊಂದಿಗೆ ಬರೆದಿಟ್ಟಿರಬೇಕು. ಅದೇ ಪುಸ್ತಕದಲ್ಲಿ ಲಸಿಕೆ ಹಾಕಿಸಿದ ದಿನಾಂಕಗಳೂ, ರಾಸನ್ನು ಯಾವ ಸಂತೆಯಿಂದ ಅಥವಾ ಯಾವ ಊರಿನಿಂದ ಯಾವಾಗ ತಂದಿರಿ ಎಂಬುದೂ ಇರಲಿ. ರೋಗದ ಮೂಲ ಹುಡುಕುವಾಗ ಪಶು ವೈದ್ಯಾಧಿಕಾರಿ ಮೊದಲು ಕೇಳುವುದು ಇದನ್ನೇ, ಗಾಬರಿಯಲ್ಲಿ ಮರೆತುಹೋಗುವುದೂ ಇದೇ.

ಇದರ ಜೊತೆಗೆ ರಬ್ಬರ್ ಕೈಗವಸು, ಪ್ರತ್ಯೇಕವಾದ ಹಗ್ಗ ಮತ್ತು ಬಕೆಟ್ಟು, ವಾಷಿಂಗ್ ಸೋಡಾ, ಬ್ಲೀಚಿಂಗ್ ಪೌಡರ್ ಹಾಗೂ ಬೇವಿನ ಸೊಪ್ಪು ಸುಲಭವಾಗಿ ಸಿಗುವಂತಿರಲಿ. ಕೊಟ್ಟಿಗೆಯಿಂದ ದೂರದಲ್ಲಿ, ಗಾಳಿ ಮತ್ತು ನೀರು ಆರೋಗ್ಯವಂತ ರಾಸುಗಳ ಕಡೆಗೆ ಹರಿಯದಂತಹ ಒಂದು ಜಾಗವನ್ನು ಈಗಲೇ ಗುರುತಿಸಿಡಿ. ಹತ್ತಿರದ ಪಶು ಆಸ್ಪತ್ರೆಯ ಸಂಖ್ಯೆಯನ್ನೂ, ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ 1962 ಸಂಖ್ಯೆಯನ್ನೂ ಮನೆಯವರೆಲ್ಲರ ಫೋನಿನಲ್ಲಿ ಉಳಿಸಿಡಬೇಕು.

ಹಂತ 1: ಅನುಮಾನ ಸಾಕು, ಖಚಿತತೆಗೆ ಕಾಯಬೇಡಿ

ರೋಗ ಯಾವುದೆಂದು ಗೊತ್ತಾದ ಮೇಲೆ ವರದಿ ಮಾಡೋಣ ಎಂಬುದು ಅತಿ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಅಧಿನಿಯಮ ಬಳಸುವ ಅಳತೆ ಬೇರೆ: ರಾಸಿಗೆ ಅನುಸೂಚಿತ (ಕಾನೂನಿನ ಪಟ್ಟಿಯಲ್ಲಿರುವ) ರೋಗ ತಗಲಿದೆ ಎಂದು ನಂಬಲು ಕಾರಣವಿದ್ದರೆ ಸಾಕು, ಕರ್ತವ್ಯ ಆರಂಭವಾಗುತ್ತದೆ. ರೋಗ ನಿರ್ಣಯ ಮಾಡುವುದು ವೈದ್ಯರ ಕೆಲಸ. ಅಧಿನಿಯಮದ ಅನುಸೂಚಿಯಲ್ಲಿ ಕಾಲುಬಾಯಿ ಜ್ವರ, ನೆರಡಿ ರೋಗ ಎನ್ನುವ ಅಂಥ್ರಾಕ್ಸ್, ಗಬ್ಬ ಕಳಚುವ ಕಂದು ರೋಗ (ಬ್ರುಸೆಲ್ಲೋಸಿಸ್), ಗಳಲೆ ರೋಗ, ಚರ್ಮಗಂಟು ರೋಗ, ರೇಬೀಸ್, ಕುರಿ ಮೇಕೆಗಳ ಪಿಪಿಆರ್ ಎಂಬ ವೈರಸ್ ಜ್ವರ ಮತ್ತು ಸಿಡುಬು, ನೀಲಿ ನಾಲಿಗೆ ರೋಗ, ಹಂದಿ ಜ್ವರ, ಕೋಳಿಗಳ ಹಕ್ಕಿ ಜ್ವರ ಮುಂತಾದವು ಇವೆ.

ಎಚ್ಚರಿಕೆಯ ಲಕ್ಷಣಗಳು ಹೀಗಿವೆ. ಬಾಯಿಂದ ಹಗ್ಗದಂತೆ ಜೊಲ್ಲು ಸುರಿಯುವುದು, ನಾಲಿಗೆ ಮತ್ತು ಗೊರಸಿನ ಸಂದಿಯಲ್ಲಿ ಗುಳ್ಳೆ, ಕುಂಟುವುದು, ಹಾಲು ಒಮ್ಮೆಲೇ ಇಳಿಯುವುದು ಕಾಲುಬಾಯಿ ಜ್ವರದ ಕಡೆಗೆ ಬೊಟ್ಟು ಮಾಡುತ್ತವೆ. ಮೈತುಂಬ ಗಟ್ಟಿ ಗಂಟುಗಳು, ಕಾಲು ಬಾವು ಮತ್ತು ಜ್ವರವಿದ್ದರೆ ಚರ್ಮಗಂಟು ರೋಗವಿರಬಹುದು. ಮಳೆಗಾಲದಲ್ಲಿ ಗಂಟಲು ಊದಿ, ಗೊರಗೊರ ಉಸಿರು ಬಂದು ಒಂದೆರಡು ದಿನದಲ್ಲಿ ಸಾಯುವುದು ಗಳಲೆ ರೋಗದಲ್ಲಿ ಕಂಡುಬರುತ್ತದೆ. ಗಬ್ಬದ ಏಳನೆಯ ತಿಂಗಳ ಆಸುಪಾಸಿನಲ್ಲಿ ಕಂದು ಹಾಕಿದರೆ ಅದನ್ನು ದೃಷ್ಟಿಯೆಂದೋ ಗುದ್ದಿಸಿಕೊಂಡಿತೆಂದೋ ಬಿಟ್ಟುಬಿಡುವ ರೂಢಿ ಇದೆ, ಆದರೆ ಕಂದು ರೋಗ ಮನುಷ್ಯರಿಗೂ ಹರಡುತ್ತದೆ, ಆದ್ದರಿಂದ ಬಿದ್ದ ಕಂದು ಮತ್ತು ಮಾಸನ್ನು ಬರಿಗೈಯಲ್ಲಿ ಮುಟ್ಟಕೂಡದು, ನಾಯಿಗಳಿಗೆ ಎಸೆಯಕೂಡದು.

ಒಂದು ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಜೊಲ್ಲು ಸುರಿಸುವ ರಾಸಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಕೈಹಾಕಿ ನೋಡುವವರು ಬಹಳ. ದನಗಳಲ್ಲಿ ರೇಬೀಸ್ ಕೂಡ ಜೊಲ್ಲು, ನುಂಗಲಾಗದಿರುವುದು, ಬದಲಾದ ಕೂಗಿನ ರೂಪದಲ್ಲೇ ಶುರುವಾಗಬಹುದು. ಪಶು ವೈದ್ಯರು ನೋಡುವವರೆಗೆ ಯಾರೂ ಬಾಯೊಳಗೆ ಕೈ ಹಾಕಬಾರದು. ಹಾಕಿದ್ದರೆ ತಕ್ಷಣ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಬೇಕು.

ಹಂತ 2: ಬೇರ್ಪಡಿಸಿ

ಅಧಿನಿಯಮದ 5ನೇ ಪ್ರಕರಣದಂತೆ (ಸೆಕ್ಷನ್) ಮಾಲೀಕರು ಅನುಮಾನವಿರುವ ರಾಸನ್ನು ಆರೋಗ್ಯವಂತ ರಾಸುಗಳಿಂದ ದೂರವಿಡಬೇಕು, ಗೋಮಾಳದಲ್ಲಿ ಮೇಯಲು ಬಿಡಕೂಡದು, ಕೆರೆ, ಹೊಳೆ, ಊರ ತೊಟ್ಟಿ ಅಥವಾ ಹಂಚಿಕೊಂಡ ಪಾತ್ರೆಯಲ್ಲಿ ನೀರು ಕುಡಿಸಕೂಡದು. ಫೋನು ಮಾಡುವ ಮೊದಲೇ ಈ ಕೆಲಸ ಆಗಬೇಕು, ಏಕೆಂದರೆ ವೈದ್ಯರು ಬರುವಷ್ಟರಲ್ಲಿ ಸಂಜೆಯ ನೀರಿನ ಹೊತ್ತು ಬಂದುಬಿಟ್ಟಿರುತ್ತದೆ.

ಬೇರ್ಪಡಿಸುವುದೆಂದರೆ ಅದೇ ಕೊಟ್ಟಿಗೆಯ ಇನ್ನೊಂದು ಗೂಟಕ್ಕೆ ಕಟ್ಟುವುದಲ್ಲ. ಜಾಗ, ಹಗ್ಗ, ಬಕೆಟ್ಟು, ಮೇವು, ಸಗಣಿ ಬಾಚುವ ಸಲಿಕೆ ಎಲ್ಲವೂ ಬೇರೆಯಾಗಬೇಕು. ಸಾಧ್ಯವಿದ್ದಲ್ಲಿ ಒಬ್ಬರು ಕಾಯಿಲೆಯ ರಾಸನ್ನು, ಇನ್ನೊಬ್ಬರು ಉಳಿದವನ್ನು ನೋಡಿಕೊಳ್ಳಬೇಕು. ಮನೆಯಲ್ಲಿ ಒಬ್ಬರೇ ಇದ್ದರೆ ಮೊದಲು ಆರೋಗ್ಯವಂತ ರಾಸುಗಳ ಕೆಲಸ ಮುಗಿಸಿ, ಕೊನೆಗೆ ಕಾಯಿಲೆಯ ರಾಸಿನ ಹತ್ತಿರ ಹೋಗಿ, ಕೈಕಾಲು ತೊಳೆದು ಬಟ್ಟೆ ಬದಲಿಸಬೇಕು. ಚರ್ಮಗಂಟು ರೋಗ ಮುಖ್ಯವಾಗಿ ಸೊಳ್ಳೆ, ನೊಣ, ಉಣ್ಣೆಗಳ ಮೂಲಕ ಹರಡುವುದರಿಂದ ಅಲ್ಲಿ ದೂರ ಮಾತ್ರ ಸಾಲದು, ಪರದೆ ಕಟ್ಟುವುದು, ಬೇವಿನ ಹೊಗೆ ಹಾಕುವುದು ಮತ್ತು ಸಗಣಿ ಗುಂಡಿಯ ನೀರು ನಿಲ್ಲದಂತೆ ನೋಡುವುದು ಅಗತ್ಯ. ಕಾಲುಬಾಯಿ ಜ್ವರದಲ್ಲಿ ಒಂದು ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕಲಸಿ ನೆಲ, ಬಕೆಟ್ಟು ಮತ್ತು ಚಪ್ಪಲಿಗಳನ್ನು ತೊಳೆಯಬಹುದು, ಏಕೆಂದರೆ ಕ್ಷಾರ ಹೆಚ್ಚಿರುವಲ್ಲಿ ಆ ವೈರಸ್ ಉಳಿಯುವುದಿಲ್ಲ.

ಬೀದಿಯಲ್ಲಿ ತಿರುಗುವ, ಮಾಲೀಕರಿಲ್ಲದ ಸೋಂಕಿತ ದನಗಳನ್ನು ಬೇರ್ಪಡಿಸುವ ಹೊಣೆ ಪಂಚಾಯಿತಿ ಅಥವಾ ಪುರಸಭೆಯದು. ಅಂತಹ ರಾಸು ಕಂಡರೆ ಅದನ್ನೂ ಮುಂದಿನ ಹಂತದ ವರದಿಯಲ್ಲಿ ಸೇರಿಸಿ.

ಹಂತ 3: ಲಿಖಿತವಾಗಿ ವರದಿ ಮಾಡಿ

ಈ ಹಂತದಲ್ಲಿಯೇ ಹೆಚ್ಚು ಜನ ಎಡವುತ್ತಾರೆ, ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ.

4ನೇ ಪ್ರಕರಣದಂತೆ ಮಾಲೀಕರಾಗಲಿ, ರಾಸನ್ನು ನೋಡಿಕೊಳ್ಳುತ್ತಿರುವ ಬೇರೆ ಯಾರಾಗಲಿ, ಸಂಘ ಸಂಸ್ಥೆಯಾಗಲಿ ಗ್ರಾಮದ ಅಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ವರದಿ ಮಾಡಲೇಬೇಕು. ಗೋಶಾಲೆಗೂ, ಪಾಲಿಗೆ ರಾಸು ಸಾಕುತ್ತಿರುವವರಿಗೂ ಇದು ಅನ್ವಯಿಸುತ್ತದೆ. ಪಂಚಾಯಿತಿಯವರು ಅದನ್ನು ಹತ್ತಿರದ ಪಶು ವೈದ್ಯರಿಗೆ ಲಿಖಿತವಾಗಿ ತಿಳಿಸಬಹುದು ಎಂದು ಕಾನೂನು ಹೇಳುತ್ತದೆ. ಗಮನಿಸಿ: ಮಾಲೀಕರಿಗೆ ಕಡ್ಡಾಯ, ಪಂಚಾಯಿತಿಗಾದರೋ ‘ತಿಳಿಸಬಹುದು’ ಎಂಬ ಸಡಿಲ ಮಾತು. ನನ್ನ ದೃಷ್ಟಿಯಲ್ಲಿ ಇದು ಈ ಕಾನೂನಿನ ದೊಡ್ಡ ದೌರ್ಬಲ್ಯ. ಪಂಚಾಯಿತಿಗೆ ಕೊಟ್ಟ ಚೀಟಿ ಅಲ್ಲೇ ಉಳಿದುಹೋದರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಆದ್ದರಿಂದ ಒಂದೇ ಪತ್ರದ ಎರಡು ಪ್ರತಿ ಮಾಡಿ, ಒಂದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಇನ್ನೊಂದನ್ನು ನೇರವಾಗಿ ಪಶು ಆಸ್ಪತ್ರೆಗೆ ಕೊಡಬೇಕು. ವೈದ್ಯರಿಗೆ ಸುದ್ದಿ ಮುಟ್ಟಿದ ಮೇಲೆ ಅವರು ಇಲಾಖೆಯ ನಿರ್ದೇಶಕರಿಗೆ ವರದಿ ಮಾಡಲೇಬೇಕು, ನಿರ್ದೇಶಕರು ನೆರೆ ರಾಜ್ಯಗಳಿಗೆ ಎಚ್ಚರಿಕೆ ಕೊಡಬೇಕು. ಚಾಮರಾಜನಗರ, ಬೆಳಗಾವಿ, ಬೀದರ್‌ನಂತಹ ಗಡಿ ಜಿಲ್ಲೆಗಳಲ್ಲಿ ನಿಮ್ಮ ಒಂದು ಪತ್ರದ ತೂಕ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಪತ್ರ ಉದ್ದವಿರಬೇಕಿಲ್ಲ. ಈ ಮಾದರಿಯನ್ನು ಬಳಸಬಹುದು:

“ಮಾನ್ಯರೇ, ನಮ್ಮ ಕೊಟ್ಟಿಗೆಯಲ್ಲಿ ಒಟ್ಟು (ಸಂಖ್ಯೆ) ರಾಸುಗಳಿದ್ದು, ಅವುಗಳಲ್ಲಿ (ಕಿವಿ ಓಲೆ ಸಂಖ್ಯೆ) ಹೊಂದಿರುವ ಹಸುವಿಗೆ (ದಿನಾಂಕ, ಹೊತ್ತು) ರಿಂದ (ಲಕ್ಷಣಗಳು) ಕಾಣಿಸಿಕೊಂಡಿವೆ. ಸಾಂಕ್ರಾಮಿಕ ರೋಗವಿರಬಹುದೆಂಬ ಅನುಮಾನದಿಂದ ಅದನ್ನು ಇಂದೇ ಬೇರ್ಪಡಿಸಿರುತ್ತೇನೆ. ಕೊನೆಯ ಲಸಿಕೆಯನ್ನು (ದಿನಾಂಕ) ರಂದು ಹಾಕಿಸಲಾಗಿದೆ. ಕಳೆದ ಒಂದು ತಿಂಗಳಲ್ಲಿ ಹೊರಗಿನಿಂದ ತಂದ ರಾಸುಗಳ ವಿವರ ಹೀಗಿದೆ. ದಯವಿಟ್ಟು ಸ್ಥಳಕ್ಕೆ ಬಂದು ಪರೀಕ್ಷಿಸಿ, ಮಾದರಿ ಸಂಗ್ರಹಿಸಿ, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.”

ಎರಡೂ ಕಚೇರಿಗಳಲ್ಲಿ ನಿಮ್ಮ ಪ್ರತಿಯ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಚೇರಿ ಮುಚ್ಚಿದ್ದರೆ 1962ಕ್ಕೆ ಕರೆ ಮಾಡಿ, ಪತ್ರದ ಚಿತ್ರವನ್ನು ವೈದ್ಯಾಧಿಕಾರಿಯ ಫೋನಿಗೆ ಕಳುಹಿಸಿ, ಮರುದಿನ ಕಾಗದವನ್ನು ತಲುಪಿಸಿ. ಡೇರಿಯ ಕಾರ್ಯದರ್ಶಿಗೆ ಬಾಯಿಮಾತಿನಲ್ಲಿ ಹೇಳಿದ್ದು, ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಕಾನೂನಿನ ವರದಿಯಾಗುವುದಿಲ್ಲ. ಹಾಲು ನಿಂತುಹೋಗುತ್ತದೆಂಬ ಭಯದಿಂದ ಮುಚ್ಚಿಡುವವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಮುಚ್ಚಿಟ್ಟ ರೋಗ ಎರಡು ವಾರದೊಳಗೆ ಪಕ್ಕದ ಕೊಟ್ಟಿಗೆಗಳಲ್ಲಿ ಕಾಣಿಸಿಕೊಳ್ಳುತ್ತದೆ, ಆಗ ನಿಲ್ಲುವುದು ಇಡೀ ಬೀದಿಯ ಹಾಲು.

ಹಂತ 4: ಮಾದರಿ ಮೊದಲು, ಔಷಧಿ ನಂತರ

ವೈದ್ಯಾಧಿಕಾರಿ ಬರುವ ಮೊದಲು ಬಾಯಿ ಹುಣ್ಣಿಗೆ ಬೋರಾಕ್ಸ್, ಅರಿಸಿನ, ಪೊಟ್ಯಾಸಿಯಂ ಪರ್ಮಾಂಗನೇಟ್ ಹಚ್ಚಿ ತೊಳೆದುಬಿಟ್ಟರೆ ಗುಳ್ಳೆಯಿಂದ ತೆಗೆದ ಮಾದರಿಯಲ್ಲಿ ವೈರಸ್ ಸಿಗದೆ ಹೋಗಬಹುದು. ಮೊದಲೇ ಆಂಟಿಬಯಾಟಿಕ್ ಕೊಡಿಸಿದ್ದರೆ ಗಳಲೆಯಂತಹ ರೋಗದ ಪರೀಕ್ಷೆ ದಾರಿ ತಪ್ಪುತ್ತದೆ. ಕೊಡಿಸಿದ್ದರೆ ಅದನ್ನು ಮುಚ್ಚಿಡದೆ ಔಷಧಿಯ ಹೆಸರನ್ನು ಹೇಳಿಬಿಡಿ. ಮಾದರಿಗಳು ಸಾಮಾನ್ಯವಾಗಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಗೆ ಹೋಗುತ್ತವೆ. ಮಾದರಿ ತೆಗೆದ ದಿನಾಂಕ ಮತ್ತು ಯಾವ ರಾಸಿನದೆಂಬುದನ್ನು ಬರೆದಿಟ್ಟುಕೊಂಡು ಫಲಿತಾಂಶಕ್ಕಾಗಿ ಆಸ್ಪತ್ರೆಯಲ್ಲಿ ವಿಚಾರಿಸುತ್ತಿರಿ. ಫಲಿತಾಂಶ ಬರುವವರೆಗೂ ಬೇರ್ಪಡಿಸುವಿಕೆ ಮುಂದುವರಿಯುತ್ತದೆ, ರಾಸು ಚೇತರಿಸಿಕೊಂಡಂತೆ ಕಂಡರೂ ಸಹ.

ಹಂತ 5: ಎರಡು ಬಗೆಯ ಘೋಷಣೆಗಳ ನಡುವಿನ ವ್ಯತ್ಯಾಸ ತಿಳಿಯಿರಿ

ಸೋಂಕಿತ ಪ್ರದೇಶ ಮತ್ತು ನಿಯಂತ್ರಿತ ಪ್ರದೇಶ ಎರಡೂ ಒಂದೇ ಎಂದು ಭಾವಿಸಿ, ಯಾರ ಬಳಿ ಹೋಗಬೇಕೆಂದು ತಿಳಿಯದೆ ಕಚೇರಿಗಳ ನಡುವೆ ಅಲೆಯುವವರಿದ್ದಾರೆ. ಸೋಂಕಿತ ಪ್ರದೇಶವನ್ನು 20ನೇ ಪ್ರಕರಣದಡಿ ಪಶು ವೈದ್ಯರೇ ತಮ್ಮ ವ್ಯಾಪ್ತಿಯಲ್ಲಿ ಘೋಷಿಸಬಹುದು, ಅದು ಒಂದು ಊರಿರಬಹುದು, ಒಂದು ಕೊಟ್ಟಿಗೆಯೂ ಇರಬಹುದು. ನಿಯಂತ್ರಿತ ಪ್ರದೇಶವನ್ನು ಘೋಷಿಸುವುದು ರಾಜ್ಯ ಸರ್ಕಾರ, ಅದರ ವ್ಯಾಪ್ತಿ ದೊಡ್ಡದು, ಅಲ್ಲಿ ಆ ಜಾತಿಯ ಎಲ್ಲ ಪ್ರಾಣಿಗಳಿಗೂ ಲಸಿಕೆ ಕಡ್ಡಾಯವಾಗುತ್ತದೆ ಮತ್ತು ಲಸಿಕೆ ಒದಗಿಸುವುದು ಸರ್ಕಾರದ ಹೊಣೆಯಾಗುತ್ತದೆ.

ಘೋಷಣೆಯನ್ನು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಿ, ಡಂಗುರ ಸಾರಿ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಡಂಗುರ ಕೇಳಿಸಿದ ದಿನಾಂಕ, ಯಾವ ರೋಗ, ಯಾವ ಪ್ರಾಣಿ, ಯಾವ ಊರುಗಳು ಎಂಬ ನಾಲ್ಕು ವಿವರಗಳನ್ನು ಬರೆದುಕೊಳ್ಳಿ. ಕುರಿಗಳಿಗೆ ಹೊರಡಿಸಿದ ಆದೇಶ ಎಮ್ಮೆಗಳಿಗೂ ಅನ್ವಯಿಸುತ್ತದೋ ಇಲ್ಲವೋ ಎಂಬ ಜಗಳ ಚೆಕ್‌ಪೋಸ್ಟಿನಲ್ಲಿ ಹುಟ್ಟುವುದು ಈ ವಿವರ ತಿಳಿಯದೆ ಹೊರಟಾಗಲೇ.

ಹಂತ 6: ಸಾಗಣೆ ಮತ್ತು ಸಂತೆ

ನಿಯಂತ್ರಿತ ಪ್ರದೇಶದಲ್ಲಿ ಆ ಜಾತಿಯ ರಾಸನ್ನು ಅದು ಇರುವ ಜಾಗದಿಂದ ಕದಲಿಸಕೂಡದು. ಇದಕ್ಕೆ ಎರಡು ವಿನಾಯಿತಿಗಳಿವೆ: ಲಸಿಕೆ ಹಾಕಿಸಲು ಹತ್ತಿರದ ಸ್ಥಳಕ್ಕೆ ಕರೆದೊಯ್ಯುವುದು, ಅಥವಾ ಚಾಲ್ತಿಯಲ್ಲಿರುವ ಲಸಿಕೆ ಪ್ರಮಾಣಪತ್ರ ಮತ್ತು ಲಸಿಕೆಯ ಗುರುತು ಎರಡೂ ಇರುವ ರಾಸನ್ನು ಸಾಗಿಸುವುದು. ಪ್ರಮಾಣಪತ್ರ ಮಾತ್ರವಿದ್ದು ಕಿವಿಯ ಓಲೆ ಕಳಚಿಬಿದ್ದಿದ್ದರೆ ಅದು ಸಾಲುವುದಿಲ್ಲ, ಹೊರಡುವ ಮುನ್ನ ಓಲೆ ಮತ್ತೆ ಹಾಕಿಸಬೇಕು.

ರಾಸಿಗೆ ಮಾತ್ರ ನಿರ್ಬಂಧವೆಂದು ತಿಳಿಯುವುದು ಇನ್ನೊಂದು ತಪ್ಪು. ಸೋಂಕಿತ ರಾಸಿನ ಸಂಪರ್ಕಕ್ಕೆ ಬಂದ ಮೇವು, ಹಾಸಿದ ಹುಲ್ಲು, ಸತ್ತ ರಾಸಿನ ಶರೀರ, ಚರ್ಮ, ಅದರ ಯಾವ ಭಾಗವನ್ನೂ ಹೊರಗೆ ಸಾಗಿಸಕೂಡದು. ರಾಸು ಬಾಯಿಹಾಕಿ ಬಿಟ್ಟ ಜೋಳದ ಸೊಪ್ಪನ್ನು ಬೀಗರ ಮನೆಗೆ ಕಳುಹಿಸುವುದು, ಕೊಟ್ಟಿಗೆ ಗೊಬ್ಬರವನ್ನು ಟ್ರ್ಯಾಕ್ಟರಿನಲ್ಲಿ ಪಕ್ಕದೂರಿಗೆ ಮಾರುವುದು ರೋಗ ಹರಡುವ ನೇರ ದಾರಿಗಳು. ಸಾಗಿಸಿದ ವಾಹನವನ್ನು ಮೊದಲೂ ನಂತರವೂ ತೊಳೆದು ಸೋಂಕು ನಿವಾರಕ ಸಿಂಪಡಿಸಬೇಕು.

ಸಂತೆ, ಜಾತ್ರೆ, ಪ್ರದರ್ಶನಗಳಿಗೆ ನಿಯಂತ್ರಿತ ಪ್ರದೇಶದಲ್ಲಿ ನಿಷೇಧವಿರುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಕರ್ನಾಟಕದಲ್ಲಿ ದನಗಳ ಸಂತೆ, ಜಾತ್ರೆಗಳನ್ನು ನಿಷೇಧಿಸಲಾಗಿತ್ತು. ಘೋಷಣೆ ಇಲ್ಲದ ಕಡೆಯಲ್ಲೂ ಸೋಂಕಿತವೆಂದು ತಿಳಿದ ರಾಸನ್ನು ಸಂತೆಗೆ ತರುವುದು ಅಪರಾಧ. ಅಧಿನಿಯಮದ ಉಲ್ಲಂಘನೆಗೆ ಅಥವಾ ಅಧಿಕಾರಿಯ ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ ಮೊದಲ ಸಲ 1000 ರೂಪಾಯಿವರೆಗೆ ದಂಡ, ಕಟ್ಟದಿದ್ದರೆ ಒಂದು ತಿಂಗಳವರೆಗೆ ಸೆರೆ, ಮತ್ತೆ ಮಾಡಿದರೆ 2000 ರೂಪಾಯಿ ದಂಡ ಅಥವಾ ಎರಡು ತಿಂಗಳವರೆಗೆ ಸೆರೆ ಎಂದು ಅಧಿನಿಯಮದಲ್ಲಿದೆ. ಆದೇಶ ಪಾಲಿಸದಿದ್ದರೆ ಅಧಿಕಾರಿಗಳೇ ಕೆಲಸ ಮಾಡಿಸಿ ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು. ದಂಡದ ಮೊತ್ತ ಸಣ್ಣದೆಂದು ಯಾರೂ ಉದಾಸೀನ ಮಾಡಬಾರದು, ನಿಮ್ಮ ಒಂದು ಹಸುವಿನಿಂದ ಸಂತೆಯಲ್ಲಿ ನಿಂತಿದ್ದ ನೂರಾರು ಕುಟುಂಬಗಳ ಜೀವನಾಧಾರ ಹಾಳಾಗಬಲ್ಲದು.

ಹಂತ 7: ಲಸಿಕೆ ಮತ್ತು ಪ್ರಮಾಣಪತ್ರ

ಕಾಲುಬಾಯಿ ಜ್ವರಕ್ಕೆ ರಾಷ್ಟ್ರೀಯ ಕಾರ್ಯಕ್ರಮದಡಿ ವರ್ಷಕ್ಕೆ ಎರಡು ಸಲ, ಕಂದು ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಲಸಿಕೆ ಹಾಕಲಾಗುತ್ತದೆ. ಪ್ರಮಾಣಪತ್ರದಲ್ಲಿ ಲಸಿಕೆ ಹಾಕಿದ ದಿನಾಂಕ, ಲಸಿಕೆಯ ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ, ಅದು ಎಲ್ಲಿಯವರೆಗೆ ಮಾನ್ಯ ಎಂಬ ದಿನಾಂಕ ಇರಲೇಬೇಕು. ಇವುಗಳಲ್ಲಿ ಒಂದು ಬಿಟ್ಟುಹೋಗಿದ್ದರೂ ಅಲ್ಲಿಯೇ ಕೇಳಿ ತುಂಬಿಸಿಕೊಳ್ಳಿ. ಅಧಿಕಾರವಿಲ್ಲದವರು ಪ್ರಮಾಣಪತ್ರ ಕೊಡುವುದು, ಕೆಟ್ಟ ಲಸಿಕೆ ಎಂದು ತಿಳಿದೂ ಹಾಕುವುದು ಅಪರಾಧ.

ರೋಗದ ಲಕ್ಷಣ ಈಗಾಗಲೇ ಕಾಣಿಸಿಕೊಂಡ ರಾಸಿಗೆ ಲಸಿಕೆ ಚಿಕಿತ್ಸೆಯಲ್ಲ. ಲಸಿಕೆ ತಂಡ ಬಂದಾಗ ಕಾಯಿಲೆಯ ರಾಸಿನ ವಿಷಯವನ್ನು ಮೊದಲೇ ಹೇಳಿ, ಅದೇ ಸೂಜಿ ಬೇರೆ ರಾಸಿಗೆ ಬಳಕೆಯಾಗದಂತೆ ನೋಡಿಕೊಳ್ಳಿ. ಹಾಲು ಕಡಿಮೆಯಾಗುತ್ತದೆ, ಗಬ್ಬ ಹೋಗುತ್ತದೆ ಎಂಬ ಮಾತಿಗೆ ಹೆದರಿ ಅಡಗಿಸಿಟ್ಟ ಎರಡು ರಾಸುಗಳಲ್ಲಿಯೇ ರೋಗ ಮತ್ತೆ ತಲೆ ಎತ್ತುತ್ತದೆ. ಗಬ್ಬದ ಬಗ್ಗೆ ಅನುಮಾನವಿದ್ದರೆ ವೈದ್ಯಾಧಿಕಾರಿಯನ್ನೇ ಕೇಳಬೇಕು.

ಹಂತ 8: ರಾಸು ಸತ್ತರೆ

ಮುಟ್ಟುವ ಮೊದಲು ನೋಡಿ. ಯಾವ ಕಾಯಿಲೆಯ ಗುರುತೂ ಇಲ್ಲದೆ ಹಠಾತ್ತಾಗಿ ಸತ್ತು, ಹೊಟ್ಟೆ ಬೇಗ ಉಬ್ಬಿ, ಮೂಗು, ಬಾಯಿ ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಅಂತಹ ಶರೀರವನ್ನು ಕೊಯ್ಯಕೂಡದು, ಚರ್ಮ ಸುಲಿಯಕೂಡದು, ಮಾಂಸ ಹಂಚಕೂಡದು, ನೆಲದ ಮೇಲೆ ಎಳೆಯಕೂಡದು. ಗಾಳಿ ತಾಗಿದ ರೋಗಾಣುಗಳು ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ, ಮುಟ್ಟಿದ ಮನುಷ್ಯರಿಗೂ ತಗಲುತ್ತವೆ. ಶರೀರವನ್ನು ಅಲ್ಲಿಯೇ ಮುಚ್ಚಿ, ನಾಯಿ, ಹದ್ದುಗಳು ಬಾರದಂತೆ ಕಾವಲಿಟ್ಟು ವೈದ್ಯಾಧಿಕಾರಿಯನ್ನು ಕರೆಯಿರಿ. ಅವರು ಕಿವಿಯ ರಕ್ತನಾಳದಿಂದ ಹನಿ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಹೂಳಬೇಕೋ ಸುಡಬೇಕೋ, ಏನು ಸಿಂಪಡಿಸಬೇಕು ಎಂಬುದೆಲ್ಲ ಅವರ ಆದೇಶದಂತೆಯೇ ಆಗಬೇಕು.

ಬೇರೆ ಸಾಂಕ್ರಾಮಿಕ ರೋಗಗಳಲ್ಲಿ ಮರಣೋತ್ತರ ಪರೀಕ್ಷೆ ಮುಗಿದ ಮೇಲೆ, ಬಾವಿ, ಕೆರೆ, ಹಳ್ಳಗಳಿಂದ ದೂರದಲ್ಲಿ ಆರು ಅಡಿಗೆ ಕಡಿಮೆಯಿಲ್ಲದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳುವುದು ರೂಢಿಯಲ್ಲಿರುವ ಕ್ರಮ. ಮೇಲೆ ಮುಳ್ಳು ಮುಚ್ಚಿದರೆ ನಾಯಿಗಳು ಕೆದಕುವುದಿಲ್ಲ. ರಾಸಿನ ಕೆಳಗಿದ್ದ ಹುಲ್ಲು, ಸಗಣಿ, ಹಗ್ಗವೂ ಅದರೊಡನೆ ಗುಂಡಿಗೆ ಹೋಗಬೇಕು. ಪರೀಕ್ಷೆಗೆ ಮೊದಲೇ ಹೂಳಿಬಿಟ್ಟಿದ್ದರೆ ವೈದ್ಯಾಧಿಕಾರಿ ಅದನ್ನು ಹೊರತೆಗೆಸುವ ಅಧಿಕಾರ ಹೊಂದಿದ್ದಾರೆ. ಸೋಂಕಿನಿಂದ ಸತ್ತ ರಾಸನ್ನು ನದಿ, ಕೆರೆ, ಕಾಲುವೆಗೆ ಎಸೆಯುವುದಕ್ಕೆ 33ನೇ ಪ್ರಕರಣದಲ್ಲಿ ಪ್ರತ್ಯೇಕ ಶಿಕ್ಷೆ ಇದೆ: ಮೊದಲ ಸಲ 2000 ರೂಪಾಯಿ, ನಂತರ 5000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ.

ರೋಗ ಹರಡುವುದನ್ನು ತಡೆಯಲು ಬದುಕಿರುವ ರಾಸಿಗೆ ದಯಾಮರಣ ಅನಿವಾರ್ಯವೆಂದು ವೈದ್ಯರು ನಿರ್ಧರಿಸಿದರೆ ಅದಕ್ಕೆ ಲಿಖಿತ ಆದೇಶ ಇರಬೇಕು. ಅದರ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಸ್ವತಃ ಕೊಲ್ಲುವುದಕ್ಕಾಗಲಿ, ಬೇರೆಯವರಿಂದ ಕೊಲ್ಲಿಸುವುದಕ್ಕಾಗಲಿ ಈ ಕಾನೂನು ಯಾರಿಗೂ ಅನುಮತಿ ಕೊಡುವುದಿಲ್ಲ.

ಹಂತ 9: ವಿಮೆ ಮತ್ತು ಪರಿಹಾರ

ವಿಮಾ ಕಂಪನಿಗೆ ಸಾವಿನ ಸುದ್ದಿಯನ್ನು ಅದೇ ದಿನ ತಿಳಿಸಿ, ಶರೀರವನ್ನು ಹೂಳುವ ಮೊದಲು ಓಲೆ ಕಿವಿಯಲ್ಲಿರುವಾಗಲೇ ಸ್ಪಷ್ಟ ಚಿತ್ರ ತೆಗೆಯಿರಿ. ಓಲೆಯಿಲ್ಲದ ರಾಸಿಗೆ ವಿಮೆಯ ಹಣ ಪಡೆಯುವುದು ಬಹುತೇಕ ಅಸಾಧ್ಯ. ನೆರಡಿ ರೋಗದಲ್ಲಿ ಶರೀರ ಕೊಯ್ಯುವಂತಿಲ್ಲವಾದ್ದರಿಂದ ಮರಣೋತ್ತರ ಪರೀಕ್ಷೆಯ ವರದಿಯ ಬದಲು ರಕ್ತ ಪರೀಕ್ಷೆಯ ಆಧಾರದ ದೃಢೀಕರಣವನ್ನು ವೈದ್ಯಾಧಿಕಾರಿಯಿಂದ ಪಡೆದು, ಕಾರಣವನ್ನು ಅದರಲ್ಲಿಯೇ ಬರೆಸಿಕೊಳ್ಳಬೇಕು.

ಸರ್ಕಾರದ ಪರಿಹಾರ ಪ್ರತಿಯೊಂದು ರೋಗಕ್ಕೂ ಎಂದಿಗೂ ಇರುವಂಥದ್ದಲ್ಲ. 2022ರ ಚರ್ಮಗಂಟು ರೋಗದ ಸಮಯದಲ್ಲಿ ರಾಜ್ಯ ಸರ್ಕಾರ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತ್ತು. ಇಂತಹ ಘೋಷಣೆ ರೋಗ ಬಂದು ಎಷ್ಟೋ ದಿನಗಳ ನಂತರ ಬರುವುದುಂಟು. ಆಗ ಅರ್ಜಿಯೊಂದಿಗೆ ಇಡಲು ಮುದ್ರೆ ಬಿದ್ದ ವರದಿಯ ಪ್ರತಿ, ಮರಣ ದೃಢೀಕರಣ ಮತ್ತು ಚಿತ್ರಗಳು ನಿಮ್ಮ ಬಳಿ ಇರಬೇಕು, ಹೂತ ರಾಸಿಗೆ ಹಿಂದಿನ ದಿನಾಂಕದ ಕಾಗದ ಹುಟ್ಟಿಸಲು ಆಗುವುದಿಲ್ಲ.

ಹಂತ 10: ನಿರ್ಬಂಧ ತೆರವಾಗುವವರೆಗೆ

ಹೊಸ ರೋಗ ಕಾಣಿಸುತ್ತಿಲ್ಲವೆಂಬ ಕಾರಣಕ್ಕೆ ನಿರ್ಬಂಧ ತಾನಾಗಿ ಮುಗಿಯುವುದಿಲ್ಲ. ಸೋಂಕಿತ ಪ್ರದೇಶದಲ್ಲಿ ರೋಗದ ಅಪಾಯ ಕಳೆದಿದೆ ಎಂದು ವೈದ್ಯರು ವಿಚಾರಣೆ ಮಾಡಿ ತೆರವಿನ ಘೋಷಣೆ ಹೊರಡಿಸಬೇಕು. ಅಲ್ಲಿಯವರೆಗೆ ಹೊಸ ರಾಸು ಕೊಳ್ಳಬಾರದು. ತೆರವಾದ ಮೇಲೆ ಕೊಂಡು ತಂದ ರಾಸನ್ನೂ ಮೂರು ವಾರ ಬೇರೆ ಕಟ್ಟಿ, ಓಲೆ ಮತ್ತು ಲಸಿಕೆಯ ವಿವರಗಳನ್ನು ಪುಸ್ತಕಕ್ಕೆ ಸೇರಿಸಿ, ಆಮೇಲೆ ಕೊಟ್ಟಿಗೆಗೆ ತರಬೇಕು. ತೆರವಿನ ಘೋಷಣೆಯ ದಿನಾಂಕವನ್ನು ಡೇರಿಗೂ ತಿಳಿಸಿ, ಚಿಕಿತ್ಸೆ ಪಡೆದ ರಾಸುಗಳ ಹಾಲನ್ನು ಯಾವ ದಿನದಿಂದ ಹಾಕಬಹುದೆಂದು ವೈದ್ಯಾಧಿಕಾರಿಯಿಂದ ಬರೆಸಿಕೊಂಡು ಕಾರ್ಯದರ್ಶಿಗೆ ಕೊಡಿ.